ಶಿರಸಿ ಮಳೆಯಲ್ಲಿ ಶುಂಠಿ ಬಿಯರ್ ಡಾಕ್ಯುಮೆಂಟರಿ: ನನ್ನ ಅನುಭವ

ಎಂಟು ನಿಮಿಷದ ಚಿತ್ರದಲ್ಲಿ ಐದು ನಿಮಿಷ ಶುಂಠಿ ಬಿಯರ್ ಹುದುಗುವ ಒಂದು ಗಾಜಿನ ಭರಣಿಯನ್ನೇ ತೋರಿಸುತ್ತೇವೆ ಅಂದಾಗ ಮೂಗು ಮುರಿದವರೇ ಹೆಚ್ಚು. "ನಾಲ್ಕು ಜನರನ್ನು ಕೂರಿಸಿ ಮಾತಾಡಿಸಿ, ಭರಣಿಯಲ್ಲಿ ನೋಡೋದಕ್ಕೆ ಏನಿದೆ?" ಅಂದರು. ಮೂರನೇ ಸಲಕ್ಕೆ ಕೆಲಸ ಕೈಹತ್ತಿತು. ಈಗ ಚಿತ್ರದಲ್ಲಿ ಒಂದೂ ಸಂದರ್ಶನವಿಲ್ಲ, ಬೇಕಿತ್ತು ಅಂತ ಯಾರೂ ಕೇಳಿಲ್ಲ.

ಬಾರ್ಲಿ ಬಿಯರಿಗೆ ಅಬಕಾರಿ ಪರವಾನಗಿ ಬೇಕು, ಆ ಗೊಡವೆಗೆ ಹೋಗಲಿಲ್ಲ. ತೋಟದಲ್ಲೇ ಶುಂಠಿ ಇತ್ತು.

ಮೊದಲ ಸಲ ಸೋತದ್ದು ಹೆಪ್ಪಿನಲ್ಲಿ, ಅಂದರೆ ಬಿಯರನ್ನು ಹುದುಗಿಸಲು ಮೊದಲೇ ಮಾಡಿಕೊಳ್ಳುವ ಶುಂಠಿ-ಸಕ್ಕರೆ ನೀರಿನಲ್ಲಿ. ಸಿಪ್ಪೆ ಹೆರೆದ ಶುಂಠಿ, ನಲ್ಲಿ ನೀರು: ಆರು ದಿನವಾದರೂ ಒಂದು ಗುಳ್ಳೆ ಇಲ್ಲ. ಹುದುಗಿಸುವ ಯೀಸ್ಟ್ ಇರುವುದೇ ಸಿಪ್ಪೆಯ ಮೇಲೆ, ಮೇಲಿಂದ ನಲ್ಲಿ ನೀರಿನ ಕ್ಲೋರಿನ್ ಬೇರೆ. ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯಲು ಹುಬ್ಬಳ್ಳಿಯಿಂದ ತಂದ ಮ್ಯಾಕ್ರೋ ಲೆನ್ಸಿನ ಬಾಡಿಗೆ ಸುಮಾರು ಎರಡೂವರೆ ಸಾವಿರ ದಂಡ. ನೊರೆ ಕಣ್ಣಿಗೆ ಕಾಣುವವರೆಗೆ ಲೆನ್ಸ್ ತರಲೇಬೇಡಿ. ಆಮೇಲೆ ಅರ್ಧ ಲೀಟರ್ ಬಾವಿ ನೀರಿಗೆ ಸಿಪ್ಪೆ ಸಮೇತ ತುರಿದ ಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ; ದಿನಾ ಮತ್ತೆ ಅಷ್ಟಷ್ಟೇ. ಮಳೆಗಾಲದ ತಂಪಿನಲ್ಲೂ ಐದನೇ ದಿನಕ್ಕೆ ಎದ್ದಿತು. ಎರಡು ಲೀಟರ್ ಶುಂಠಿ ಕಷಾಯಕ್ಕೆ ಸಕ್ಕರೆ ಇನ್ನೂರು ಗ್ರಾಂ ಹತ್ತಿರ, ಎರಡು ನಿಂಬೆ, ಸೋಸಿದ ಹೆಪ್ಪು ಅರ್ಧ ಕಪ್. ಕಷಾಯ ಪೂರ್ತಿ ಆರಿರಬೇಕು, ಬಿಸಿಗೆ ಹಾಕಿದರೆ ಹೆಪ್ಪು ಸತ್ತಂತೆ.

ಎರಡನೇ ಸಲ ಬೆಳಕು ಕೈಕೊಟ್ಟಿತು. ಶಿರಸಿಯ ಆಷಾಢದಲ್ಲಿ ವೋಲ್ಟೇಜು ನಿಮಿಷಕ್ಕೊಂದು ತರ. ಬಿಟ್ಟು ಬಿಟ್ಟು ತೆಗೆದ ಫೋಟೋಗಳನ್ನು ಪೋಣಿಸಿ ಮಾಡುವ ಟೈಮ್‌ಲ್ಯಾಪ್ಸ್ ಪೂರಾ ಮಿಣಮಿಣ, ಒಂದು ರಾತ್ರಿಯ ಕೆಲಸ ನೀರಿನಲ್ಲಿ ಹೋಮ. ಹಳೇ ಸ್ಕೂಟರ್ ಬ್ಯಾಟರಿಗೆ 12 ವೋಲ್ಟಿನ ಎಲ್ಇಡಿ ಪಟ್ಟಿ ಜೋಡಿಸಿದ ಮೇಲೆ ಆ ಕಾಟ ತಪ್ಪಿತು. ಪಟ್ಟಿ ಭರಣಿಯ ಹಿಂದೆ, ನಡುವೆ ಬಟರ್ ಪೇಪರ್. ಮುಂದೆ ಕರಿ ಬಟ್ಟೆ, ಅದರಲ್ಲಿ ಲೆನ್ಸಿಗಷ್ಟೇ ತೂತು, ಇಲ್ಲದಿದ್ದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನ್ಯುಯಲ್. 30 ಸೆಕೆಂಡಿಗೊಂದು ಫೋಟೋ ತೆಗೆದರೆ ದಿನಕ್ಕೆ 2880. ಸೆಕೆಂಡಿಗೆ 25 ಫೋಟೋದಂತೆ ಎರಡು ನಿಮಿಷದ ಹತ್ತಿರ ಓಡುತ್ತದೆ, ಬೇಸರ. ಎರಡು ನಿಮಿಷಕ್ಕೊಂದು ಸಾಕು: 720 ಫೋಟೋ, 29 ಸೆಕೆಂಡು.

ಆದರೆ ಚಿತ್ರವನ್ನು ಗೆಲ್ಲಿಸಿದ್ದು ಟೈಮ್‌ಲ್ಯಾಪ್ಸ್ ಅಲ್ಲ, ಶುಂಠಿಯ ಒಂದು ಚೂರು. ತಳದಲ್ಲಿ ಬಿದ್ದ ಚೂರಿಗೆ ಸಾಸಿವೆಯಷ್ಟು ಗುಳ್ಳೆಗಳು ಅಂಟುತ್ತವೆ. ಹತ್ತು ಹನ್ನೆರಡು ಕೂಡಿದಾಗ ಚೂರು ಅಲುಗಿ ಮೆಲ್ಲಗೆ ಮೇಲೇಳುತ್ತದೆ. ಮೇಲೆ ಗುಳ್ಳೆ ಒಡೆದವೋ, ವಾಲಾಡುತ್ತಾ ಮತ್ತೆ ತಳಕ್ಕೆ. ಇದನ್ನು ಸೆಕೆಂಡಿಗೆ 50 ಫ್ರೇಮಿನಲ್ಲಿ ತೆಗೆದು 25ಕ್ಕೆ ಇಳಿಸಿ, ಅರ್ಧ ವೇಗದಲ್ಲಿ ಕಾಣುತ್ತದೆ. ಗುಳ್ಳೆ ಬೇಗ ಬಿಡದಂತೆ ಚೂರನ್ನು ಹೆಚ್ಚುವ ಒಂದು ಬಗೆ ಇದೆ, ಅದನ್ನು ಸದ್ಯ ನಮ್ಮಲ್ಲೇ ಇಟ್ಟುಕೊಳ್ಳುತ್ತೇನೆ.

ಶಬ್ದಕ್ಕೆ ಇಪ್ಪತ್ತು ರೂಪಾಯಿಯ ಪೀಜೋ ಬಿಲ್ಲೆ, ಅಂಟಿದ ವಸ್ತುವಿನ ಕಂಪನವನ್ನೇ ಹಿಡಿಯುವ ಮೈಕು. ರಬ್ಬರ್ ಬ್ಯಾಂಡಿನಿಂದ ಭರಣಿಗೆ ಬಿಗಿದು ಪ್ರೀಆಂಪಿನ (ಮೈಕಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಸಾಧನ) ಮೂಲಕ ಹಾಯಿಸಬೇಕು, ನೇರ ಮೊಬೈಲಿಗೆ ಕೊಟ್ಟರೆ ಡಬ್ಬಿ ಬಡಿದಂತೆ ಕೇಳುತ್ತದೆ. ಹಂಚಿನ ಮೇಲೆ ಮಳೆ ಸುರಿಯುವಾಗಲೂ ಗುಳ್ಳೆಯ ಚಿಟಚಿಟ ಸ್ಪಷ್ಟವಾಗಿ ಸಿಕ್ಕಿತು, ಆದರೆ ಭರಣಿಯನ್ನು ಮೇಜಿನ ಮೇಲಲ್ಲ, ಮಡಿಸಿದ ಕಂಬಳಿಯ ಮೇಲೆ ಇಟ್ಟ ಬಳಿಕ.

ನಡುವೆ ಸಕ್ಕರೆ ಬದಲು ಜೋನಿಬೆಲ್ಲವನ್ನೂ (ನೀರುಬೆಲ್ಲ) ಹಾಕಿ ನೋಡಿದೆವು. ರುಚಿಗೆ ಅದೇ ಮೇಲು, ನೊರೆಯೂ ಜಾಸ್ತಿ. ಬೆಳಕು ಮಾತ್ರ ದಾಟುವುದಿಲ್ಲ. ಮುರುಗಲು (ಪುನರ್ಪುಳಿ) ಸಿಪ್ಪೆ ಹಾಕಿದ್ದಕ್ಕೆ ಮಾಣಿಕ್ಯದ ಬಣ್ಣ ಬಂತು. ತೆಳುವಾಗಿ ಹಾಕಿದ ಒಂದೇ ಶಾಟ್ ಚಿತ್ರದಲ್ಲಿದೆ.

ಬಾಟಲಿ ತೆರೆಯುವ ಶಾಟಿಗೆ ಫ್ರಿಜ್ಜಿನದು ಬೇಡ, ಈ ಹವೆಗೆ ಹೊರಗೆಲ್ಲ ಬೆವರಿ ಗುಳ್ಳೆ ಕಾಣುವುದಿಲ್ಲ. ಗಾಜಿನ ಬಾಟಲಿ ಬೇಡವೇ ಬೇಡ. ನಮ್ಮದೊಂದು ಮೂರನೇ ದಿನ ಒಡೆದು ಚೂರು ಗೋಡೆಗೆ ನಾಟಿತ್ತು. ಸೋಡಾದ ಪ್ಲಾಸ್ಟಿಕ್ ಬಾಟಲಿ ತುಂಬಿ, ಮೇಲೆ ಎರಡು ಬೆರಳು ಜಾಗ ಬಿಡಿ. ಒತ್ತಿದರೆ ಕಲ್ಲಿನಂತಾದ ದಿನವೇ ತೆರೆಯಿರಿ, ನಮಗದು ಎರಡನೇ ದಿನದ ಸಂಜೆ. ದಂಡವೂ ಸೇರಿ ಒಟ್ಟು ಖರ್ಚು ಆರು ಸಾವಿರದ ಆಸುಪಾಸು.