ಫೈಲ್ ಹೋಯಿತಾ? ಮೊದಲು ಆ ಡಿಸ್ಕಿಗೆ ಬರೆಯುವುದನ್ನು ನಿಲ್ಲಿಸಿ

ಫೈಲ್ ಡಿಲೀಟ್ ಆದರೂ ಸಾಮಾನ್ಯವಾಗಿ ಡೇಟಾ ಹಾರ್ಡ್ ಡಿಸ್ಕಿನಲ್ಲೇ ಇರುತ್ತದೆ, ಆ ಜಾಗ ಖಾಲಿ ಅಂತ ಗುರುತಾಗುತ್ತದೆ ಅಷ್ಟೇ, ಅದರ ಮೇಲೆ ಹೊಸದೇನಾದರೂ ಬಂದು ಕೂತರೆ ಮಾತ್ರ ಹೋದ ಹಾಗೆ. ಹಾಗಾಗಿ ರಿಕವರಿ ಸಾಫ್ಟ್‌ವೇರನ್ನೂ ಅದರಲ್ಲಿ ಹಾಕಬೇಡಿ.

ಪೆನ್ ಡ್ರೈವಿನಿಂದ ಲೈವ್ ಲಿನಕ್ಸ್ (ಕಂಪ್ಯೂಟರಿಗೆ ಹಾಕದೆ ಪೆನ್ ಡ್ರೈವಿನಿಂದಲೇ ಓಡುವ ಆಪರೇಟಿಂಗ್ ಸಿಸ್ಟಮ್) ಬೂಟ್ ಮಾಡಿ. ಫೈಲ್ ಹೋದ ಡಿಸ್ಕನ್ನು ಮೌಂಟ್ ಮಾಡದೆ (ಅಂದರೆ ಒಳಗಿನ ಫೈಲುಗಳನ್ನು ತೆರೆಯಲು ಜೋಡಿಸದೆ), ಡಿಡಿರೆಸ್ಕ್ಯೂ ಅನ್ನೋ ಕಾಪಿ ಮಾಡುವ ಸಾಫ್ಟ್‌ವೇರಿನಿಂದ ಅದರ ಪೂರ್ತಿ ಇಮೇಜನ್ನು, ಅಂದರೆ ಇಡೀ ಡಿಸ್ಕಿನ ನಕಲನ್ನು, ಇನ್ನೊಂದು ದೊಡ್ಡ ಡಿಸ್ಕಿಗೆ ತೆಗೆಯಿರಿ. ಉಬುಂಟು ಅನ್ನೋ ಲಿನಕ್ಸಿನಲ್ಲಿ ಈ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಎಲ್ಲೆಲ್ಲಿ ಕಾಪಿ ಆಗಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡಲೇಬೇಕು, ಅದಿದ್ದರೆ ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಯಾವುದರಿಂದ ಯಾವುದಕ್ಕೆ ಕಾಪಿ ಅನ್ನೋದನ್ನು ದಯವಿಟ್ಟು ಎರಡು ಸಲ ನೋಡಿ, ಇಲ್ಲಿ ಅದಲುಬದಲಾದರೆ ಎಲ್ಲಾ ಅಳಿಸಿಹೋಗುತ್ತದೆ.

ಆಮೇಲಿನ ಕೆಲಸವೆಲ್ಲ ಇಮೇಜಿನ ಮೇಲೇ. ಪಾರ್ಟಿಷನ್ನೇ (ಡಿಸ್ಕನ್ನು ಭಾಗ ಮಾಡಿದ ತುಂಡು) ಕಾಣೆಯಾಗಿದ್ದರೆ ಟೆಸ್ಟ್‌ಡಿಸ್ಕ್ ಅನ್ನೋ ರಿಕವರಿ ಸಾಫ್ಟ್‌ವೇರ್ ಸಾಕು. ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ) ಪೂರ್ತಿ ಕೆಟ್ಟಿದ್ದರೆ ಫೋಟೋರೆಕ್ ಅನ್ನೋ ಸಾಫ್ಟ್‌ವೇರ್ ಓಡಿಸಿ. ಅದು ಫೈಲಿನೊಳಗಿನ ಗುರುತು ನೋಡಿ ಹುಡುಕುತ್ತದೆ, ಆದ್ದರಿಂದ ಹೆಸರು, ಫೋಲ್ಡರ್ ಸಿಗುವುದಿಲ್ಲ, ಸಾವಿರಾರು ಫೈಲುಗಳನ್ನು ಕೈಯಾರೆ ವಿಂಗಡಿಸಬೇಕು. ಬೇಕಾದ ಫೈಲ್ ಬಗೆಗಳನ್ನಷ್ಟೇ ಮೊದಲೇ ಆರಿಸಿಕೊಂಡರೆ ತಲೆನೋವು ಕಡಿಮೆ.

ಎಸ್‌ಎಸ್‌ಡಿ ಆದರೆ ಟ್ರಿಮ್ (ಡಿಲೀಟ್ ಆದ ಜಾಗವನ್ನು ನಿಜವಾಗಿಯೂ ಖಾಲಿ ಮಾಡಿಸುವ ವ್ಯವಸ್ಥೆ) ಇರುವುದರಿಂದ ಡಿಲೀಟ್ ಆದದ್ದು ಸಿಗುವ ಆಸೆ ಕಡಿಮೆ. ಇನ್ನು ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದ್ದರೆ ಇದ್ಯಾವುದೂ ಬೇಡ, ತಕ್ಷಣ ಆಫ್ ಮಾಡಿ ಡೇಟಾ ರಿಕವರಿ ಬಲ್ಲವರಿಗೇ ಕೊಡಿ.