ಬೈಕ್ ಹತ್ತಿಸೋಕೆ ಮಾಡಿಸಿದ್ದಾ?

ಎಂಟು ವರ್ಷದ ಹಿಂದೆ ದಾವಣಗೆರೆ ಹತ್ತಿರ ಒಂದು ಕ್ಲಿನಿಕ್ ಕಟ್ಟಿಸಿಕೊಟ್ಟೆ. ಪ್ಲಿಂತ್, ಅಂದರೆ ಹೊರಗಿನ ನೆಲಕ್ಕಿಂತ ಒಳಗಿನ ನೆಲದ ಎತ್ತರ, ಒಂದೂವರೆ ಅಡಿ. ರ‍್ಯಾಂಪ್ ಉದ್ದ ಬರೀ 6 ಅಡಿ. ಮುಂದೆ ನಾಲ್ಕು ಬೈಕ್ ನಿಲ್ಲಬೇಕಲ್ವಾ, ಉಳಿದ ಜಾಗ ಅಷ್ಟೇ. ಗೃಹಪ್ರವೇಶದ ದಿನ ವೀಲ್‌ಚೇರ್‌ನಲ್ಲಿ ಬಂದ ಮೇಷ್ಟ್ರೊಬ್ಬರು ಅರ್ಧ ಹತ್ತಿ ಹಿಂದಕ್ಕೆ ಜಾರಿದರು. ಇಬ್ಬರು ಓಡಿ ಹಿಡಿದುಕೊಂಡರು. "ಏನಪ್ಪಾ ಇದು, ಬೈಕ್ ಹತ್ತಿಸೋಕೆ ಮಾಡಿಸಿದ್ದಾ?" ಅಂದರು ಮೇಷ್ಟ್ರು, ನಗುತ್ತಲೇ.

ವೀಲ್‌ಚೇರ್ ರ‍್ಯಾಂಪ್‌ಗೆ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯ ಲೆಕ್ಕ ಹೀಗಿದೆ: 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ. ಒಂದೂವರೆ ಅಡಿಗೆ 18 ಅಡಿ ಆಯ್ತು, ಜೊತೆಗೆ ಮೇಲೂ ಕೆಳಗೂ 5 ಅಡಿ ಸಮತಟ್ಟು ಜಾಗ. ಸಣ್ಣ ಸೈಟಿನಲ್ಲಿ ಎಲ್ಲಿಂದ ತರೋದು? ಹಾಗಾಗಿ ಈಗ ಮೊದಲು ಪ್ಲಿಂತ್ ಬಗ್ಗೆಯೇ ಜಗಳ ಮಾಡುತ್ತೇನೆ. ನಾಳೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರ ಆಗುತ್ತೆ, ಮಳೆ ನೀರು ಒಳಗೆ ಬರುತ್ತೆ ಅನ್ನೋ ಭಯ ಎಲ್ಲರಿಗೂ, ಅದು ಸುಳ್ಳೂ ಅಲ್ಲ. ಗೇಟಿನ ಹತ್ತಿರವೇ ಅಡ್ಡ ಚರಂಡಿ ಮಾಡಿ ಜಾಲರಿ ಮುಚ್ಚಿಸಿ ಪ್ಲಿಂತ್ ಅರ್ಧ ಅಡಿ ಇಳಿಸಿದರೂ ಸಾಕು, ರ‍್ಯಾಂಪ್ ಉದ್ದ 6 ಅಡಿ ಕಡಿಮೆ ಆಯ್ತು. ಜಾಲರಿಯ ಸಂದಿ ಮಾತ್ರ ಚಕ್ರಕ್ಕೆ ಅಡ್ಡಡ್ಡ ಇರಬೇಕು. ಇಲ್ಲದಿದ್ದರೆ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತೆ.

ಟಾಯ್ಲೆಟ್ ಇನ್ನೊಂದು ಕಥೆ. ಅದೇ ಕ್ಲಿನಿಕ್‌ನಲ್ಲಿ ಕುರ್ಚಿ ಒಳಗೆ ಹೋಯಿತು, ಬಾಗಿಲು ಮುಚ್ಚಲಿಲ್ಲ! ಒಳಗಡೆಗೆ ತೆರೆಯೋ ಬಾಗಿಲು ಕೊಟ್ಟಿದ್ದೆ. ಈಗ ಟೈಲ್ಸ್ ಹಾಕೋ ಮುಂಚೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಮೋಡ್, ಬೇಸಿನ್, ಬಾಗಿಲು ತಿರುಗೋ ಜಾಗ, 5 ಅಡಿ ಅಗಲದ ಒಂದು ವೃತ್ತ, ಎಲ್ಲ ಬರೆದು, ಬಾಡಿಗೆ ವೀಲ್‌ಚೇರ್‌ನಲ್ಲಿ ನಾನೇ ಕೂತು ತಿರುಗಿಸಿ ನೋಡುತ್ತೇನೆ. ಮೇಸ್ತ್ರಿ ನಗುತ್ತಾನೆ, ನಗಲಿ. ಇನ್ನೊಂದು, ಬಡಗಿ "3 ಅಡಿ ಬಾಗಿಲು" ಅಂದರೆ ಅದು ಚೌಕಟ್ಟಿನ ಹೊರ ಅಳತೆ. ಬೇಕಾದ್ದು 900 ಮಿ.ಮೀ. (ಸುಮಾರು 3 ಅಡಿ) ಖುಲ್ಲಾ ಜಾಗ, ಅಂದರೆ ಮೂರೂವರೆ ಅಡಿ ಚೌಕಟ್ಟನ್ನೇ ಹೇಳಬೇಕು.

ನಿಜವಾಗಿ ಕಷ್ಟ ಆಗೋದು ಹೊಸ್ತಿಲು. ಹೋದ ವರ್ಷ ಒಂದು ಮನೆಯಲ್ಲಿ ವೀಲ್‌ಚೇರ್ ಬಳಸೋ ಹುಡುಗನ ಅಜ್ಜಿ, "ಹೊಸ್ತಿಲಿಲ್ಲದ ಮನೆ ಎಲ್ಲಾದ್ರೂ ಇರ್ತದೇನಪ್ಪಾ?" ಅಂತ ಪಟ್ಟು ಹಿಡಿದರು. ಮಾತು ಸರಿಯೇ. ಕೊನೆಗೆ ಸಾಗವಾನಿ ಹೊಸ್ತಿಲನ್ನೇ ತಂದು, ನೆಲದೊಳಗೆ ಇಳಿಸಿ, ಮೇಲ್ಮೈ ಟೈಲ್ಸ್ ಮಟ್ಟಕ್ಕೆ ಕೂರಿಸಿದೆವು. ಪೂಜೆ ಆಯ್ತು, ಅರಿಶಿನ ಕುಂಕುಮ ಹಚ್ಚಿದರು. ಹುಡುಗ ಜೋರಾಗಿ ಒಳಗೆ ಬಂದ, ಚಕ್ರಕ್ಕೆ ಅರಿಶಿನ ಮೆತ್ತಿಕೊಂಡು ಹಾಲ್ ಪೂರ್ತಿ ಎರಡು ಹಳದಿ ಗೆರೆ. ನೆಲ ಒರೆಸೋರು ಅವತ್ತು ನನ್ನನ್ನು ಬೈದುಕೊಂಡಿರಬೇಕು.