ಒತ್ತಕ್ಷರ ತಪ್ಪಿದ ಟ್ಯಾಟೂ ತೆಗೆಸಲು ಹೋಗಿ ನಾನು ಪಟ್ಟ ಪಾಡು

ನನ್ನ ಎಡ ಮುಂಗೈ ಒಳಭಾಗದಲ್ಲಿ ಸುಮಾರು ಏಳು ವರ್ಷ 'ಅಮ್‌ಮ' ಅಂತ ಬರೆದಿತ್ತು. 'ಅಮ್ಮ' ಅಲ್ಲ, 'ಅಮ್‌ಮ'. ಒತ್ತು ಇರಬೇಕಾದ ಜಾಗ ಖಾಲಿ, ಒತ್ತಾಗಬೇಕಿದ್ದ ಮ ಪಕ್ಕದಲ್ಲಿ ದೊಡ್ಡ ಅಕ್ಷರವಾಗಿ ಬಂದು ನಿಂತಿತ್ತು.

2016ರ ಜನವರಿಯಲ್ಲಿ ಗೋವಾಕ್ಕೆ ಹೋದಾಗ ಬಾಗಾ ಬೀಚ್ ಹತ್ತಿರ ಹಾಕಿಸಿದ್ದು. ಹಾಕಿದ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದೆ, ಅವನು ಅದನ್ನು ಯಾವುದೋ ಡಿಸೈನ್ ಸಾಫ್ಟ್‌ವೇರಿಗೆ ಪೇಸ್ಟ್ ಮಾಡಿದ, ಅದಕ್ಕೆ ಒತ್ತಕ್ಷರ ಕೂಡಿಸಲು ಬರದೆ ಬಿಡಿಸಿಟ್ಟುಬಿಟ್ಟಿತು. ಬ್ಯಾನರ್ ಪ್ರಿಂಟ್ ಮಾಡಿಸಿದವರಿಗೆ ಈ ಕಷ್ಟ ಗೊತ್ತಿರುತ್ತದೆ. ಚುಚ್ಚುವ ಮೊದಲು ಸ್ಟೆನ್ಸಿಲ್ (ಅಕ್ಷರದ ಅಚ್ಚು) ಅಂಟಿಸಿದಾಗ ನೀನು ನೋಡಲಿಲ್ವಾ ಅಂತ ಕೇಳಬೇಡಿ. ಮಧ್ಯಾಹ್ನದ ಊಟದ ಜೊತೆ ಫೆನಿ ಆಗಿತ್ತು. ಕಪ್ಪು ಅಕ್ಷರ, ಹಿಂದೆ ಕೆಂಪು ನೆರಳು, ಕೊನೆಯಲ್ಲಿ ಒಂದು ಹಸಿರು ಎಲೆ. ಈ ಮೂರು ಬಣ್ಣ ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಅಲ್ಲೇ ಇದೆ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ, ಕೆಲಸ ಮುಂಬೈಯ ಮುಲುಂಡಿನಲ್ಲಿರುವ ಮಾವನ ಹೋಟೆಲಿನಲ್ಲಿ. ಬೆಳಿಗ್ಗೆ ದೋಸೆ ಕಾವಲಿ, ಸಂಜೆ ಗಲ್ಲೆ. ದುಡ್ಡು ತಗೊಳ್ಳಲು ಕೈ ಚಾಚಿದರೆ ಸಾಕು, ಕನ್ನಡ ಬಲ್ಲ ಗಿರಾಕಿಗಳೆಲ್ಲ ಓದುತ್ತಿದ್ದರು. ಓದಿದವರೆಲ್ಲ ತಿದ್ದುತ್ತಿದ್ದರು. ಊರಲ್ಲಿ ಅಮ್ಮ ಮೊದಲ ಸಲ ನೋಡಿ "ಇದೆಂತದ್ ಮರಾಯಾ, ನನ್ನ ತುಂಡ್ ಮಾಡ್ ಇಟ್ಟಿದಿಯಲ್ಲ" ಅಂದರು. ಅದನ್ನೂ ನಕ್ಕು ತಳ್ಳಿದ್ದೆ. 2021ರಲ್ಲಿ ಮಗಳು ಮನೆಯಲ್ಲಿ ಕನ್ನಡ ಅಕ್ಷರ ಕಲಿಯಲು ಶುರು ಮಾಡಿದಳು, ಆರು ವರ್ಷದವಳು. ಒಂದು ದಿನ ನನ್ನ ಕೈ ಮೇಲೆ ಬೆರಳಿಟ್ಟು ಓದಿ, "ಅಪ್ಪಾ, ಇದಕ್ಕೆ ಒತ್ತು ಯಾಕಿಲ್ಲ?" ಅಂದಳು. ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಹೋದದ್ದು ಟ್ಯಾಟೂ ಹಾಕುವವರ ಹತ್ತಿರವೇ. ಅಂಧೇರಿಯಲ್ಲಿ ಒಬ್ಬರು ಕೈ ತಿರುಗಿಸಿ ನೋಡಿ ಕವರ್-ಅಪ್ ಮಾಡೋಣ ಅಂದರು, ಅಂದರೆ ಹಳೆಯದರ ಮೇಲೆ ಹೊಸ ಚಿತ್ರ. ಆದರೆ ಕಪ್ಪನ್ನು ಮುಚ್ಚಬೇಕಾದರೆ ಅದಕ್ಕಿಂತ ಗಾಢವಾದ, ಅದಕ್ಕಿಂತ ದೊಡ್ಡ ಚಿತ್ರವೇ ಬೇಕು. ನನ್ನ ಮೂರು ಇಂಚನ್ನು ಮುಚ್ಚಲು ಮೊಣಕೈವರೆಗೆ ರೆಕ್ಕೆ ಬಿಚ್ಚಿದ ಹದ್ದು ಬರೆಯಬೇಕಂತೆ. ಇಡ್ಲಿ ಪಾರ್ಸೆಲ್ ಕಟ್ಟುವವನ ಕೈ ಮೇಲೆ ಹದ್ದು ಯಾಕೆ? ಅವರು ಹೇಳಿದ ಇನ್ನೊಂದು ಮಾತು ಮಾತ್ರ ಒಳ್ಳೆಯದಿತ್ತು: ಎರಡು ಮೂರು ಸಲ ಲೇಸರ್ ಮಾಡಿಸಿ ಬಣ್ಣ ತಿಳಿಯಾದ ಮೇಲೆ ಬಂದರೆ ಚಿಕ್ಕ ಚಿತ್ರದಲ್ಲೇ ಮುಚ್ಚಬಹುದು. ಪೂರ್ತಿ ಅಳಿಸಲು ದುಡ್ಡಾಗಲಿ ತಾಳ್ಮೆಯಾಗಲಿ ಇಲ್ಲದವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ.

ಆಮೇಲೆ ಕ್ರೀಮು. ಆನ್‌ಲೈನಿನಲ್ಲಿ ತರಿಸಿ ಮೂರು ತಿಂಗಳು ತಿಕ್ಕಿದೆ. ಏನೂ ಆಗಲಿಲ್ಲ, ಆಗುವುದೂ ಇಲ್ಲ. ಟ್ಯಾಟೂ ಶಾಯಿ ಇರುವುದು ಚರ್ಮದ ಎರಡನೇ ಪದರದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ. ಕ್ರೀಮು ಅಷ್ಟು ಒಳಗೆ ಹೋಗುವುದಿಲ್ಲ. ಅಷ್ಟು ಒಳಗೆ ಹೋಗುವಂಥದ್ದು ಅಂದರೆ ಆಸಿಡ್, ಮತ್ತೆ ನಾನು ಅದನ್ನೂ ಬಿಡಲಿಲ್ಲ! ಸಣ್ಣ ಬಾಟಲಿ, ಹತ್ತಿಯಲ್ಲಿ ಅದ್ದಿ ಎಲೆಯ ತುದಿಗೆ ಒತ್ತಿದೆ, ಎರಡೇ ನಿಮಿಷ. ಚರ್ಮ ಬೆಳ್ಳಗಾಗಿ ಸುಟ್ಟು ಹಕ್ಕಳೆ ಕಟ್ಟಿತು. ಹಕ್ಕಳೆ ಬಿದ್ದ ಮೇಲೆ ನೋಡಿದರೆ ಹಸಿರು ಹಾಗೇ ಇತ್ತು, ಜೊತೆಗೆ ಒಂದು ಉಬ್ಬಿದ ಕಲೆ. ಹೋಟೆಲಿನ ಅಡುಗೆ ಭಟ್ಟರು ಉಪ್ಪು ಹಾಕಿ ತಿಕ್ಕು ಅಂದಿದ್ದರು. ಅದು ಅವರ ತಲೆಯಲ್ಲಿ ಹುಟ್ಟಿದ್ದೇನಲ್ಲ, ಉಪ್ಪಿನಿಂದ ಚರ್ಮ ಉಜ್ಜಿ ಹಚ್ಚೆ ತೆಗೆಯುವುದನ್ನು 6ನೇ ಶತಮಾನದಲ್ಲೇ ಏಟಿಯಸ್ ಅನ್ನುವ ಗ್ರೀಕ್ ವೈದ್ಯ ಬರೆದಿಟ್ಟಿದ್ದಾನಂತೆ. ಹೋಗುವುದು ಚರ್ಮ, ಉಳಿಯುವುದು ಗಾಯದ ಕಲೆ. ಇದನ್ನು ಮಾತ್ರ ಮಾಡಲಿಲ್ಲ, ಅಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು.

ಕತ್ತರಿಸಿ ತೆಗೆಸುವುದೂ ಒಂದಿದೆ. ನಮ್ಮ ಹೋಟೆಲಿನ ಒಬ್ಬ ಹುಡುಗ ಅರೆಸೇನಾ ಪಡೆಗೆ ಸೇರಲು ಓಡಾಡುತ್ತಿದ್ದ, ಬಲ ಮಣಿಕಟ್ಟಿನ ಹತ್ತಿರ ಒಂದು ಚಿಕ್ಕ ನಕ್ಷತ್ರ ಹಾಕಿಸಿಕೊಂಡಿದ್ದ. ಅಲ್ಲಿ ಎಡ ಮುಂಗೈ ಒಳಭಾಗದಲ್ಲಿ ದೇವರ ಚಿಹ್ನೆ ಅಥವಾ ಹೆಸರು ಇದ್ದರೆ ಒಪ್ಪುತ್ತಾರೆ, ಬಲಗೈ ಸೆಲ್ಯೂಟ್ ಹೊಡೆಯುವ ಕೈ, ಅದರಲ್ಲಿ ಇರಬಾರದು. ಅವನಿಗೆ ಲೇಸರಿಗೆ ಕಾಯುವಷ್ಟು ಸಮಯ ಇರಲಿಲ್ಲ. ಸರ್ಜನ್ ಜಾಗ ಮರಗಟ್ಟಿಸಿ, ಕತ್ತರಿಸಿ, ಹೊಲಿಗೆ ಹಾಕಿದರು. ಒಂದೇ ದಿನದ ಕೆಲಸ, ಒಂದು ಗೆರೆ ಉಳಿಯಿತು. ನನ್ನದನ್ನು ಅದೇ ಸರ್ಜನ್ ಎರಡು ಬೆರಳಲ್ಲಿ ಚಿವುಟಿ ಹಿಡಿದು ನೋಡಿದರು, ಚರ್ಮ ಎಳೆದು ಸೇರಿಸಲು ಸಾಲುವುದಿಲ್ಲ ಅಂದರು. ಹಾಗಾಗಿ ಲೇಸರ್.

ಮುಲುಂಡಿನಲ್ಲೇ ಒಬ್ಬರು ಚರ್ಮದ ಡಾಕ್ಟ್ರು, ಮರಾಠಿ ಹೆಂಗಸು. ಮೊದಲ ದಿನ ಯಂತ್ರ ಮುಟ್ಟಲೇ ಇಲ್ಲ, ಬರೀ ಪ್ರಶ್ನೆ. ಮನೆಯಲ್ಲಿ ಯಾರಿಗಾದರೂ ಗಾಯ ಆದರೆ ಗಂಟು ಗಂಟಾಗಿ ಉಬ್ಬುತ್ತದಾ? ಮೊಡವೆಗೆ ಮಾತ್ರೆ ತಿನ್ನುತ್ತಿದ್ದೀರಾ? ಸಿಗರೇಟ್ ಸೇದುತ್ತೀರಾ? ಕೆಂಪು ಇರುವ ಜಾಗ ಮಾತ್ರ ತುರಿಸುವುದು, ಊದುವುದು ಇದೆಯಾ? ಕೊನೆಯದು ಮುಖ್ಯವಂತೆ. ಕೆಂಪು ಶಾಯಿಗೆ ಅಲರ್ಜಿ ಇದ್ದವರಿಗೆ ಲೇಸರ್ ಹೊಡೆದರೆ ಶಾಯಿ ಒಡೆದು ಮೈಗೆಲ್ಲ ಅಲರ್ಜಿ ಏಳಬಹುದು. ಆಮೇಲೆ ನನ್ನ ಮೈಬಣ್ಣ ನೋಡಿ 'ಟೈಪ್ 5' ಅಂತ ಬರೆದುಕೊಂಡರು. ಚರ್ಮವನ್ನು ಆರು ಬಗೆ ಮಾಡಿದ್ದಾರೆ, 1 ಅಂದರೆ ತೀರಾ ಬಿಳಿ, 6 ಅಂದರೆ ಕಡು ಕಪ್ಪು. ನಮ್ಮಂಥ ಬಣ್ಣಕ್ಕೆ ತೊಂದರೆ ಏನಂದರೆ ಲೇಸರ್ ಬೆಳಕನ್ನು ಶಾಯಿ ಮಾತ್ರ ಅಲ್ಲ, ಚರ್ಮದ ಸ್ವಂತ ಬಣ್ಣವೂ ಹೀರಿಕೊಳ್ಳುತ್ತದೆ. ಆಗ ಸುಡುತ್ತದೆ, ಇಲ್ಲ ಬಿಳಿ ಕಲೆ ಆಗುತ್ತದೆ, ಇಲ್ಲ ಇನ್ನೂ ಕಪ್ಪಾಗುತ್ತದೆ. ಅದಕ್ಕೇ ಮೊದಲು ಅಕ್ಷರದ ಬಾಲದಲ್ಲಿ ಒಂದು ಸಣ್ಣ ಚುಕ್ಕೆಗೆ ಮಾತ್ರ ಹೊಡೆದು ಒಂದೂವರೆ ತಿಂಗಳು ಕಾಯಿಸಿದರು. ನಿಮ್ಮ ಡಾಕ್ಟ್ರು ಹೀಗೆ ಪರೀಕ್ಷೆ ಮಾಡದೆ ಮೊದಲ ದಿನವೇ ಪ್ಯಾಕೇಜ್ ಮಾರಿದರೆ ಎದ್ದು ಬನ್ನಿ.

ಮೊದಲ ಪೂರ್ತಿ ಸಿಟ್ಟಿಂಗ್ 2022ರ ಡಿಸೆಂಬರಿನಲ್ಲಿ. ಮರಗಟ್ಟುವ ಕ್ರೀಮು ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ಒಂದು ಗಂಟೆ ಕೂರಿಸಿದರು. ಕಣ್ಣಿಗೆ ದಪ್ಪ ಕನ್ನಡಕ. ನೋವು ಹೇಗಿರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಒಗ್ಗರಣೆ ಸಿಡಿಯುವಾಗ ಸಾಸಿವೆ ಹಾರಿ ಕೈಗೆ ತಾಗುತ್ತದಲ್ಲ, ಹಾಗೆ. ಆದರೆ ಒಂದು ಸಾಸಿವೆ ಅಲ್ಲ, ಸಟ್ ಸಟ್ ಅಂತ ಒಂದರ ಹಿಂದೆ ಒಂದು, ಜೊತೆಗೆ ಕೂದಲು ಸುಟ್ಟ ವಾಸನೆ. ಹೊಡೆದಲ್ಲೆಲ್ಲ ಕಪ್ಪು ಗೆರೆ ಕಣ್ಣೆದುರೇ ಬೆಳ್ಳಗಾಗುತ್ತದೆ, ನೀರುದೋಸೆ ಕಾವಲಿ ಮೇಲೆ ಬೆಳ್ಳಗೆ ಎದ್ದ ಹಾಗೆ. ಅಯ್ಯೋ ಹೋಗೇಬಿಟ್ಟಿತು ಅಂತ ಖುಷಿಪಟ್ಟೆ. ಅದು ಒಳಗೆ ಎದ್ದ ಗಾಳಿ ಗುಳ್ಳೆಗಳಷ್ಟೇ. ಅರ್ಧ ಗಂಟೆಯಲ್ಲಿ ಬಿಳಿ ಇಳಿದು 'ಅಮ್‌ಮ' ವಾಪಸ್ ಬಂತು. ಐದು ನಿಮಿಷದ ಕೆಲಸಕ್ಕೆ 3,500 ರೂಪಾಯಿ.

ಎರಡನೇ ದಿನ ನೀರುಗುಳ್ಳೆ ಎದ್ದಿತು, ರೂಪಾಯಿ ನಾಣ್ಯದಷ್ಟು. ಚುಚ್ಚಬೇಡಿ ಅಂದಿದ್ದರು, ನಾನೂ ಚುಚ್ಚಲಿಲ್ಲ. ಡೊಂಬಿವ್ಲಿ ಲೋಕಲ್ ರೈಲಿನಲ್ಲಿ ಯಾರದೋ ಬ್ಯಾಗಿನ ಜಿಪ್ಪು ಚುಚ್ಚಿತು. ಆಮೇಲಿನ ಸಿಟ್ಟಿಂಗುಗಳಲ್ಲೆಲ್ಲ ಮೊದಲ ನಾಲ್ಕು ದಿನ ಕಚೇರಿ ಹೊತ್ತಿನ ಗಾಡಿ ಹತ್ತಲಿಲ್ಲ. ದಿನಕ್ಕೆರಡು ಸಲ ಸೋಪಿನ ನೀರಲ್ಲಿ ಮೆಲ್ಲಗೆ ತೊಳೆದು, ವ್ಯಾಸ್ಲಿನ್ ಹಚ್ಚಿ, ಅಂಟದ ಬ್ಯಾಂಡೇಜ್ ಬಟ್ಟೆ ಕಟ್ಟುವುದು, ಅಷ್ಟೇ ಆರೈಕೆ. ಕಾವಲಿ ಮುಂದೆ ನಿಲ್ಲಲು ಎರಡು ವಾರ ಆಗಲಿಲ್ಲ, ಆ ಬಿಸಿಗೆ ಕೈ ಉರಿಯುತ್ತದೆ, ಬೆವರು ಬ್ಯಾಂಡೇಜಿನೊಳಗೆ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆಯೂ ಗಲ್ಲೆಯೇ. ಮಾವ ಮೂರು ದಿನ ಸುಮ್ಮನಿದ್ದರು, ನಾಲ್ಕನೇ ದಿನ "ಹಾಕಿಸ್ಕೊಳ್ಳುವಾಗ ರಜೆ ಬೇಡ ಆಯ್ತು, ತೆಗಿಸುವಾಗ ಬೇಕಾ?" ಅಂದರು.

ಎರಡು ಸಿಟ್ಟಿಂಗ್ ನಡುವೆ ಎಂಟು ವಾರ ಯಾಕೆ ಅಂತ ನನಗೆ ಅರ್ಥವಾಗಿದ್ದು ತಡವಾಗಿ. ಲೇಸರ್ ಶಾಯಿಯನ್ನು ತೆಗೆಯುವುದಿಲ್ಲ, ಒಡೆಯುತ್ತದೆ ಅಷ್ಟೇ. ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನ ಲೆಕ್ಕದಲ್ಲಿ ಬೆಳಕು ಬಂದು ಹೋಗುತ್ತದೆ, ಆ ಹೊಡೆತಕ್ಕೆ ಶಾಯಿಯ ಕಣ ಪುಡಿಯಾಗುತ್ತದೆ. ಪುಡಿಯನ್ನು ಹೊತ್ತುಕೊಂಡು ಹೋಗುವುದು ನಮ್ಮ ಮೈಯೇ, ನಿಧಾನಕ್ಕೆ, ವಾರಗಟ್ಟಲೆ. ಹಾಗಾದರೆ ಇಷ್ಟು ವರ್ಷ ಯಾಕೆ ಹೊರಲಿಲ್ಲ? ಕಣ ದೊಡ್ಡದಿತ್ತು. ಚರ್ಮದೊಳಗೆ ಕಸ ನುಂಗುವ ಜೀವಕೋಶಗಳಿವೆ, ಅವು ಶಾಯಿಯನ್ನು ನುಂಗಿಕೊಂಡು ಅಲ್ಲೇ ಕೂರುತ್ತವೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ಕಂಡುಕೊಂಡ ಪ್ರಕಾರ ಅಂಥ ಒಂದು ಕೋಶ ಸತ್ತರೆ ಬಿಟ್ಟ ಶಾಯಿಯನ್ನು ಹೊಸ ಕೋಶ ನುಂಗುತ್ತದೆ. ಒಂದು ಪಾಳಿಯವನು ಹೋಗುವಾಗ ಇನ್ನೊಬ್ಬನ ಕೈಗೆ ಗಲ್ಲೆಯ ಕೀಲಿಕೈ ಕೊಟ್ಟ ಹಾಗೆ. ನಮ್ಮ ಅಜ್ಜಿ "ಸತ್ತಾಗ ಜೊತೆಗೆ ಬರುವುದು ಹಚ್ಚೆ ಒಂದೇ" ಅನ್ನುತ್ತಿದ್ದದ್ದು ಸುಮ್ನೆ ಅಲ್ಲ. (ಅಜ್ಜಿಯ ಕೈಯಲ್ಲಿದ್ದದ್ದು ಬರೀ ಮಸಿಯ ಹಚ್ಚೆ. ಅಂಥ ಒಂದೇ ಬಣ್ಣದ, ಕಡಿಮೆ ಶಾಯಿಯ ಹಚ್ಚೆ ನನ್ನದಕ್ಕಿಂತ ಬೇಗ ಹೋಗುತ್ತಿತ್ತು ಅಂತ ಡಾಕ್ಟ್ರು ಹೇಳಿದರು.)

ಇದೆಲ್ಲ ಆಗ ತಲೆಗೆ ಹೋಗಿದ್ದರೆ 2023ರ ಮೇ ತಿಂಗಳಿನ ಕೆಲಸ ಮಾಡುತ್ತಿರಲಿಲ್ಲ. ಮೂರು ಸಿಟ್ಟಿಂಗ್ ಆಗಿತ್ತು, ಕಪ್ಪು ಬೂದಿ ಬಣ್ಣಕ್ಕೆ ಬಂದಿತ್ತು, ಊರಲ್ಲಿ ತಂಗಿಯ ಮದುವೆ ಹತ್ತಿರ ಇತ್ತು. ಡಾಕ್ಟ್ರು ಜೂನ್ ತನಕ ಬರಬೇಡಿ ಅಂದಿದ್ದರು. ಬರೀ ನಾಲ್ಕು ವಾರಕ್ಕೇ ಒಂದು ಬ್ಯೂಟಿ ಪಾರ್ಲರಿಗೆ ಹೋದೆ, 1,500 ರೂಪಾಯಿಗೆ 'ಅದೇ ಲೇಸರ್' ಅಂದರು. ಕಣ್ಣಿಗೆ ಕನ್ನಡಕ ಇಲ್ಲ, ಮಡಚಿದ ಟವೆಲ್. ಅಲ್ಲೇ ಎದ್ದು ಬರಬೇಕಿತ್ತು. ಬೇಗ ಹೋಗಲಿ ಅಂತ ಪವರ್ ಜಾಸ್ತಿ ಇಟ್ಟರು, ರಕ್ತ ಒಸರಿತು. ಮದುವೆಗೆ ಫುಲ್ ತೋಳಿನ ಅಂಗಿ ಹಾಕಿಕೊಂಡು ಬಡಿಸಿದೆ. ಗಾಯ ಮಾಗಿದ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಬಿಳಿ ಚುಕ್ಕೆಗಳು, ಅಕ್ಷರದ ಉದ್ದಕ್ಕೂ. ಶಾಯಿ ಕಡಿಮೆಯಾದರೂ 'ಅಮ್‌ಮ' ಈಗ ಬಿಳಿಯಲ್ಲಿ ಓದಲು ಬರುತ್ತಿತ್ತು.

ಡಾಕ್ಟ್ರು ಬೈಯಲಿಲ್ಲ. ಚುಕ್ಕೆ ನೋಡಿ, ಫೋಟೋ ತೆಗೆದು, ನವೆಂಬರಿಗೆ ಬನ್ನಿ ಅಂದರು. ಆರು ತಿಂಗಳು! ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್, ತೋಳು ಮುಚ್ಚುವ ಅಂಗಿ, ಬೇರೇನೂ ಇಲ್ಲ. ಚರ್ಮದ ಬಣ್ಣ ಮೆಲ್ಲಗೆ ತುಂಬಿಕೊಂಡಿತು. ಎರಡು ಚುಕ್ಕೆ ಮಾತ್ರ ಇನ್ನೂ ಇವೆ.

ಬಣ್ಣಗಳ ವಿಷಯಕ್ಕೆ ಬರುತ್ತೇನೆ. ನನಗೆ ಬಳಸಿದ ಎನ್‌ಡಿ-ಯಾಗ್ ಅನ್ನುವ ಲೇಸರ್ ಯಂತ್ರದಲ್ಲಿ ಎರಡು ತರಂಗಾಂತರಗಳು, ಅಂದರೆ ಎರಡು ಬಗೆಯ ಬೆಳಕು, ಸಿಗುತ್ತವೆ. 1064 ನ್ಯಾನೋಮೀಟರ್ ಕಪ್ಪಿಗೆ, ನಮ್ಮ ಮೈಬಣ್ಣ ಅದನ್ನು ಕಡಿಮೆ ಹೀರುತ್ತದೆ, ಹಾಗಾಗಿ ನಮಗೆ ಅದೇ ಕ್ಷೇಮ. ಅದರ ಅರ್ಧ, 532, ಕೆಂಪಿಗೆ. ಅದನ್ನು ತುಂಬ ಹುಷಾರಾಗಿ, ಕಡಿಮೆ ಶಕ್ತಿಯಲ್ಲಿ ಹೊಡೆದರು. ಹಸಿರಿಗೆ ಎರಡೂ ಸರಿಯಾಗಿ ನಾಟುವುದಿಲ್ಲ. ಅದಕ್ಕೆ 694ರ ರೂಬಿ ಅಥವಾ 755ರ ಅಲೆಕ್ಸಾಂಡ್ರೈಟ್ ಲೇಸರ್ ಬೇಕು, ಅದು ಬೇರೆ ಯಂತ್ರ. ಎಲ್ಲ ಬಣ್ಣಕ್ಕೂ ಒಂದೇ ಯಂತ್ರ ಸಾಕು ಅನ್ನುವವರನ್ನು ಯಾವ ತರಂಗಾಂತರ ಇದೆ ಅಂತ ಕೇಳಿ ನೋಡಿ, ಮುಖ ನೋಡಿದರೇ ಗೊತ್ತಾಗುತ್ತದೆ. ಪಿಕೋ ಲೇಸರ್ ಬಗ್ಗೆಯೂ ವಿಚಾರಿಸಿದೆ. ಅದರ ಹೊಡೆತ ಇನ್ನೂ ಚುರುಕು, ಕೆಲವು ಬಣ್ಣಗಳಿಗೆ ಸಿಟ್ಟಿಂಗ್ ಕಡಿಮೆ ಸಾಕು. ಬಾಂದ್ರಾದಲ್ಲಿ ಒಂದು ಸಲಕ್ಕೆ 9,000 ಅಂದರು, ನಮಸ್ಕಾರ ಹಾಕಿ ಬಂದೆ. ಇನ್ನೊಂದು, ಹುಬ್ಬಿಗೋ ತುಟಿಗೋ ಬಣ್ಣ ತುಂಬಿಸಿಕೊಂಡವರು ಲೇಸರಿಗೆ ಮೊದಲು ಎರಡು ಸಲ ಯೋಚಿಸಿ. ಬಿಳಿ, ಮೈಬಣ್ಣ, ಗುಲಾಬಿ ಶಾಯಿಗಳಲ್ಲಿ ಇರುವ ಲೋಹದ ಆಕ್ಸೈಡ್ ಪುಡಿ ಲೇಸರ್ ತಾಗಿದರೆ ಕಪ್ಪಾಗಿಬಿಡುವುದುಂಟು.

ಕ್ಲಿನಿಕ್ಕಿನಲ್ಲಿ ಎಂಟು ಸಿಟ್ಟಿಂಗ್, ಪಾರ್ಲರಿನದು ಒಂದು. ಕೊನೆಯದು 2024ರ ಆಗಸ್ಟಿನಲ್ಲಿ, ಜೋರು ಮಳೆ, ಬ್ಯಾಂಡೇಜ್ ಮೇಲೆ ಇಡ್ಲಿ ಕಟ್ಟುವ ಪ್ಲಾಸ್ಟಿಕ್ ಸುತ್ತಿಕೊಂಡು ಮನೆಗೆ ಹೋದೆ. ಹಾಕಿಸಲು 2,500 ಆಗಿತ್ತು, ಕ್ಲಿನಿಕ್ಕಿಗೇ 28,000 ಕೊಟ್ಟೆ. ಕೆಂಪು ಹೋಗಿದೆ. ಕಪ್ಪು, ಟ್ಯೂಬ್‌ಲೈಟಿಗೆ ಕೈ ಓರೆ ಹಿಡಿದರೆ ನನಗೆ ಮಾತ್ರ ಕಾಣುವಷ್ಟು ಇದೆ. ಇನ್ನೂ ಮಾಡಿಸಬಹುದಿತ್ತು, ಆದರೆ ಪೂರ್ತಿ ಸೊನ್ನೆ ಆಗುತ್ತದೆ ಅಂತ ಡಾಕ್ಟ್ರು ಯಾವತ್ತೂ ಹೇಳಿರಲಿಲ್ಲ, ನಾನೂ ಹಟ ಬಿಟ್ಟೆ.

ಹಸಿರು ಎಲೆ ಮಾತ್ರ ತುದಿ ಸುಟ್ಟುಕೊಂಡು ಹಾಗೇ ಕೂತಿದೆ. ಮೊನ್ನೆ ಗಲ್ಲೆಯಲ್ಲಿ ಒಬ್ಬ ಅಮ್ಮ ಚಿಲ್ಲರೆ ತಗೊಳ್ಳುವಾಗ, "ಅಣ್ಣಾ, ಕೈಗೆ ಕರಿಬೇವು ಅಂಟಿದೆ ನೋಡಿ" ಅಂತ ಟಿಶ್ಯೂ ಚಾಚಿದರು. ತಗೊಂಡು ಒರೆಸಿಕೊಂಡ ಹಾಗೆ ಮಾಡಿದೆ.